ನಿಯಾಂಡರ್ತಲ್ ಜೊತೆ ಶೇ 99.7 ಹೋಲಿಕೆ ಅಂತಾರೆ, ಶೇ 2 ಅಂತಲೂ ಅಂತಾರೆ. ಯಾವುದು ಸರಿ?

ಕುತೂಹಲಿ_ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಳಿದುಹೋದ ನಿಯಾಂಡರ್ತಲ್ ಮಾನವರ ಬಗ್ಗೆ ಓದಿದಷ್ಟೂ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಚಿಂಪಾಂಜಿಗೂ ನಮಗೂ ಡಿಎನ್‌ಎ ಶೇ 98.8ರಷ್ಟು ಒಂದೇ ಅಂತಾರೆ. ನಿಯಾಂಡರ್ತಲ್ ಅದಕ್ಕಿಂತ ಹತ್ತಿರ, ಶೇ 99.7 ಅಂತಾರೆ. ಅದೇ ಲೇಖನದ ಮುಂದಿನ ಸಾಲಿನಲ್ಲಿ "ಇಂದಿನ ಮನುಷ್ಯರಲ್ಲಿ ನಿಯಾಂಡರ್ತಲ್ ಡಿಎನ್‌ಎ ಶೇ 2 ಮಾತ್ರ" ಎಂದು ಬರೆದಿರುತ್ತಾರೆ. 99.7 ಇದ್ದದ್ದು 2 ಹೇಗಾಯಿತು?

ಇನ್ನು ಮೂರು ಸಂದೇಹಗಳಿವೆ. ಎಲ್ಲರಲ್ಲೂ ಇರುವುದು ಅದೇ ಶೇ 2 ಭಾಗವೋ, ಒಬ್ಬೊಬ್ಬರಲ್ಲಿ ಬೇರೆಬೇರೆಯೋ? ತಾಯಿಯಿಂದ ಬರುವ ಮೈಟೊಕಾಂಡ್ರಿಯಾ ಡಿಎನ್‌ಎಯಲ್ಲಿ ನಿಯಾಂಡರ್ತಲ್ ಗುರುತೇ ಇಲ್ಲ ಎನ್ನುತ್ತಾರಲ್ಲ, ಹಾಗಿದ್ದ ಮೇಲೆ ಬೆರಕೆ ಆಗಿದೆ ಅಂತ ಹೇಗೆ ಹೇಳುವುದು? ಕೊನೆಯದಾಗಿ, ಅವರೂ ನಾವೂ ಒಂದೇ ಪ್ರಭೇದವೋ ಅಲ್ಲವೋ?

ತಳಿಜಾಡು (ಉತ್ತರ)

ಗೊಂದಲದ ಮೂಲ ಒಂದೇ: ಎರಡು ಬೇರೆ ಅಳತೆಗಳನ್ನು ಒಂದೇ ಶೇಕಡಾ ಚಿಹ್ನೆಯಲ್ಲಿ ಬರೆಯುವುದು. 99.7 ಎಂಬುದು ಹೋಲಿಕೆ. 2 ಎಂಬುದು ಬಂದ ದಾರಿ, ಅಂದರೆ ವಂಶಮೂಲ.

ಒಂದು ಹಳೆಯ ಕಾವ್ಯದ ಹಸ್ತಪ್ರತಿಯನ್ನು ನೆನೆಯಿರಿ. ಮೂಲ ಪ್ರತಿಯಿಂದ ಇಬ್ಬರು ಲಿಪಿಕಾರರು ನಕಲು ಮಾಡಿಕೊಂಡರು. ಇಬ್ಬರ ಶಿಷ್ಯಪರಂಪರೆಗಳೂ ನೂರಾರು ವರ್ಷ ಬೇರೆಬೇರೆಯಾಗಿ ನಕಲು ಮಾಡುತ್ತಾ ಹೋದವು. ಎರಡೂ ಪ್ರತಿಗಳನ್ನು ಈಗ ಪಕ್ಕಪಕ್ಕ ಇಟ್ಟರೆ ಸಾವಿರ ಅಕ್ಷರಕ್ಕೆ ಒಂದೆರಡು ಪಾಠಾಂತರ ಸಿಗಬಹುದು, ಉಳಿದದ್ದೆಲ್ಲ ಒಂದೇ. ಇದು 99 ಚಿಲ್ಲರೆಯ ಲೆಕ್ಕ. ಆದರೆ ಒಂದು ಪರಂಪರೆಯ ಕಟ್ಟಿನಲ್ಲಿ ನೂರಕ್ಕೆ ಎರಡು ಗರಿಗಳು ಮಾತ್ರ ಇನ್ನೊಂದು ಪರಂಪರೆಯಿಂದ ಬಂದು ಸೇರಿಕೊಂಡಿದ್ದರೆ? ಆ ಎರಡು ಗರಿಗಳಲ್ಲೂ ಬಹುಪಾಲು ಅಕ್ಷರ ಅವೇ, ಆದರೆ ಅಲ್ಲಿನ ಪಾಠಾಂತರಗಳು ಆ ಇನ್ನೊಂದು ಪರಂಪರೆಯವು. ಇದು ಶೇ 2ರ ಲೆಕ್ಕ. ಎರಡನ್ನೂ ಕೂಡುವಂತಿಲ್ಲ, ಕಳೆಯುವಂತಿಲ್ಲ.

ಹೋಲಿಕೆಯ ಅಂಕಿಯ ದಶಮಾಂಶಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಡಿಎನ್‌ಎಯ ಒಂಟಿ ಅಕ್ಷರದ (ಎ, ಸಿ, ಜಿ, ಟಿ) ವ್ಯತ್ಯಾಸ ಮಾತ್ರ ಎಣಿಸಿದರೆ ಒಂದು ಸಂಖ್ಯೆ ಬರುತ್ತದೆ, ಸೇರ್ಪಡೆ ಮತ್ತು ಲೋಪಗಳನ್ನೂ ಎಣಿಸಿದರೆ ಇನ್ನೊಂದು. ಇಂದಿನ ಇಬ್ಬರು ಮನುಷ್ಯರ ನಡುವೆ ಸುಮಾರು ಸಾವಿರ ಅಕ್ಷರಕ್ಕೆ ಒಂದು ವ್ಯತ್ಯಾಸ ಇರುತ್ತದೆ. ನಿಯಾಂಡರ್ತಲ್ ಜೊತೆಗೆ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹೆಚ್ಚು ಉಪಯುಕ್ತವಾದ ಪಟ್ಟಿ ಬೇರೆ ಇದೆ: ಇಂದಿನ ಎಲ್ಲ ಮನುಷ್ಯರಲ್ಲೂ (ಹೆಚ್ಚುಕಡಿಮೆ) ಹೊಸ ಅಕ್ಷರವಿದ್ದು, ನಿಯಾಂಡರ್ತಲ್‌ನಲ್ಲಿ ಚಿಂಪಾಂಜಿಯಲ್ಲಿರುವ ಹಳೆಯ ಅಕ್ಷರವೇ ಉಳಿದಿರುವ ಜಾಗಗಳು. 300 ಕೋಟಿ ಅಕ್ಷರಗಳಲ್ಲಿ ಅಂಥವು ಸುಮಾರು 31,000. ಅವುಗಳಲ್ಲಿ ಪ್ರೊಟೀನಿನ ರಚನೆಯನ್ನೇ ಬದಲಿಸುವವು 96, ಅವು ಇರುವುದು 87 ಪ್ರೊಟೀನುಗಳಲ್ಲಿ. "ನಮ್ಮನ್ನು ನಾವಾಗಿಸಿದ್ದು ಏನು" ಎಂದು ಹುಡುಕುವವರು ಶುರು ಮಾಡುವುದು ಈ ಪಟ್ಟಿಯಿಂದ.

ಬೆರಕೆ ಆಗಿದೆ ಎಂದು ತೋರಿಸಿದ ವಿಧಾನ ಸರಳ. ನಾಲ್ಕು ಸಾಲು ಬರೆಯಿರಿ: ಆಫ್ರಿಕಾದ ಒಬ್ಬರು, ಆಫ್ರಿಕಾದ ಹೊರಗಿನ ಒಬ್ಬರು, ನಿಯಾಂಡರ್ತಲ್, ಚಿಂಪಾಂಜಿ. ಚಿಂಪಾಂಜಿಯ ಅಕ್ಷರ ಹಳೆಯದು ಎಂದಿಟ್ಟುಕೊಳ್ಳಿ. ಮೊದಲ ಇಬ್ಬರಲ್ಲಿ ಒಬ್ಬರು ಮಾತ್ರ ನಿಯಾಂಡರ್ತಲ್ ಜೊತೆ ಹೊಸ ಅಕ್ಷರ ಹಂಚಿಕೊಂಡಿರುವ ಜಾಗಗಳನ್ನು ಎಣಿಸಿ. ಬೆರಕೆಯೇ ಆಗಿರದಿದ್ದರೆ ಇಬ್ಬರ ಎಣಿಕೆಯೂ ಸಮನಾಗಬೇಕು, ಏಕೆಂದರೆ ಇಬ್ಬರೂ ನಿಯಾಂಡರ್ತಲ್‌ನಿಂದ ಒಂದೇ ದೂರದಲ್ಲಿದ್ದಾರೆ. 2010ರಲ್ಲಿ ಪ್ರಾಚೀನ ಡಿಎನ್‌ಎ ತಜ್ಞ ಸ್ವಾಂಟೆ ಪಾಬೊ ತಂಡ ಕ್ರೊಯೇಷಿಯಾದ ವಿಂಡಿಯಾ ಗುಹೆಯ ಮೂರು ಮೂಳೆಗಳಿಂದ ಜೀನೋಮ್ (ಪೂರ್ತಿ ಡಿಎನ್‌ಎ ಪಠ್ಯ) ಕರಡು ತಯಾರಿಸಿ, ಆಫ್ರಿಕಾದ ಸಾನ್, ಯೊರುಬಾ, ಹೊರಗಿನ ಫ್ರೆಂಚ್, ಹಾನ್ ಚೀನೀ, ಪಪುವಾ ಮೂಲದ ಐವರ ಜೊತೆ ಹೋಲಿಸಿದಾಗ ಎಣಿಕೆ ಸಮ ಬರಲಿಲ್ಲ. ಆಫ್ರಿಕಾದ ಹೊರಗಿನ ಮೂವರ ಕಡೆಗೂ ತಕ್ಕಡಿ ವಾಲಿತು. ಆಗ ಅಂದಾಜು ಶೇ 1–4 ಇತ್ತು. 2014ರಲ್ಲಿ ಅಲ್ಟಾಯ್ ಪರ್ವತದ ಡೆನಿಸೋವಾ ಗುಹೆಯ ಕಾಲ್ಬೆರಳಿನ ಮೂಳೆಯಿಂದ ಪ್ರತಿ ಅಕ್ಷರವನ್ನೂ ಸರಾಸರಿ 50 ಸಲ ಓದಿದ ಜೀನೋಮ್ ಬಂದ ಮೇಲೆ 1.5–2.1 ಆಯಿತು. 2017ರಲ್ಲಿ ವಿಂಡಿಯಾದ ಇನ್ನೊಂದು ಮೂಳೆಯ ಉತ್ತಮ ಜೀನೋಮ್ ಸಿಕ್ಕಾಗ 1.8–2.6 ಆಯಿತು. ನಮ್ಮೊಡನೆ ಬೆರೆತ ಗುಂಪಿಗೆ ಅಲ್ಟಾಯ್‌ನವರಿಗಿಂತ ವಿಂಡಿಯಾದವರು ಹತ್ತಿರದ ನಂಟರಾದ್ದರಿಂದ ಅಂಕಿ ಏರಿತು.

ಎಲ್ಲರಲ್ಲೂ ಅದೇ ಶೇ 2 ಅಲ್ಲ. ಒಬ್ಬರಲ್ಲಿ ಇಲ್ಲೊಂದು ತುಂಡು, ಇನ್ನೊಬ್ಬರಲ್ಲಿ ಅಲ್ಲೊಂದು ತುಂಡು. ಐಸ್‌ಲ್ಯಾಂಡಿನ 27,566 ಜನರ ಜೀನೋಮ್‌ಗಳಲ್ಲಿ ಸಿಕ್ಕ ಪ್ರಾಚೀನ ತುಂಡುಗಳನ್ನೆಲ್ಲ ಜೋಡಿಸಿದಾಗ ಜೀನೋಮಿನ ಶೇ 40ರ ಆಸುಪಾಸು ಮುಚ್ಚಿತು. ಒಬ್ಬೊಬ್ಬರಲ್ಲಿ ಎರಡೆರಡು ಗರಿ, ಊರಿಗೆಲ್ಲ ಸೇರಿ ಅರ್ಧಕ್ಕೆ ಹತ್ತಿರ ಗ್ರಂಥ!

ಮೈಟೊಕಾಂಡ್ರಿಯಾ ಪ್ರಶ್ನೆ. ಅದು 16,569 ಅಕ್ಷರಗಳ ಒಂದೇ ಒಂದು ಎಳೆ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ. ಎಲ್ಲೋ ಒಂದು ತಲೆಮಾರಿನಲ್ಲಿ ಹೆಣ್ಣುಮಕ್ಕಳಿಲ್ಲದಿದ್ದರೆ ಆ ಎಳೆ ಅಲ್ಲಿಗೆ ಮುಗಿಯಿತು. ಉಳಿದ ಜೀನೋಮ್ ಹಾಗಲ್ಲ, ಸಾವಿರಾರು ತುಂಡುಗಳಾಗಿ ಎಲ್ಲ ಪೂರ್ವಜರಿಂದಲೂ ಬರುತ್ತದೆ. ಶೇ 2ರಷ್ಟು ಬೆರಕೆಯಲ್ಲಿ ಒಂಟಿ ಎಳೆಯೊಂದು ಕಳೆದುಹೋಗುವುದು ಅಚ್ಚರಿಯೇನಲ್ಲ. 1997ರಲ್ಲಿ ಮೊದಲ ನಿಯಾಂಡರ್ತಲ್ ಡಿಎನ್‌ಎ ಓದಿದ್ದು ಇದೇ ಎಳೆಯ 379 ಅಕ್ಷರಗಳನ್ನು. ಇಂದಿನ ಮನುಷ್ಯರೊಳಗೆ ಸರಾಸರಿ 8 ವ್ಯತ್ಯಾಸ, ನಿಯಾಂಡರ್ತಲ್ ಜೊತೆ 27. "ಬೆರಕೆಯೇ ಆಗಿಲ್ಲ" ಎಂಬ ಮಾತು ಹುಟ್ಟಿದ್ದು ಆಗ. ಹಳೆಯ ಲೇಖನಗಳಲ್ಲಿ ಅದು ಈಗಲೂ ಉಳಿದುಕೊಂಡಿದೆ.

ಮೂಳೆಮಾತು (ಉತ್ತರ)

ತಳಿಜಾಡು ಅವರ ವಿವರಣೆಗೆ ಮೂಳೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಪ್ರಭೇದದ ಪ್ರಶ್ನೆಗೆ ಡಿಎನ್‌ಎ ಒಂದನ್ನೇ ನೋಡಿದರೆ ಸಾಲದು.

ತಲೆಬುರುಡೆಯ ಚಿತ್ರವೋ ಅಚ್ಚೋ ಸಿಕ್ಕರೆ ಮೊದಲು ಹಿಂದಿನಿಂದ ನೋಡಿ. ಆಧುನಿಕ ಮಾನವನದು ಇಳಿಜಾರು ಮಾಡಿನ ಮನೆಯ ಹಾಗೆ ಐದು ಮೂಲೆಯಾಗಿ ಕಾಣುತ್ತದೆ, ಪಕ್ಕಗಳು ನೇರವಾಗಿ ಮೇಲೇರಿರುತ್ತವೆ. ನಿಯಾಂಡರ್ತಲ್‌ನದು ಚೆಂಡಿನಂತೆ ಗುಂಡು, ಅತಿ ಅಗಲವಾದ ಭಾಗ ಪಕ್ಕಗಳ ನಡುವಿನಲ್ಲಿ. ಪಕ್ಕದಿಂದ ನೋಡಿದರೆ ಉದ್ದ ಮತ್ತು ತಗ್ಗು, ಹಿಂತಲೆ ತುರುಬಿನಂತೆ ಹೊರಚಾಚಿದೆ. ಆ ತುರುಬಿನ ಮೇಲೆ ಕತ್ತಿನ ಸ್ನಾಯು ಅಂಟುವ ಗೆರೆಗೆ ಸ್ವಲ್ಪ ಮೇಲ್ಗಡೆ ಅಡ್ಡಕ್ಕೆ ಒಂದು ತಗ್ಗು, ಒರಟು ಮೇಲ್ಮೈ. ಈ ತಗ್ಗು ನನ್ನ ಮಟ್ಟಿಗೆ ಹುಬ್ಬೆಲುಬಿಗಿಂತ ನಂಬಿಕೆಯ ಗುರುತು. ಮುಖಕ್ಕೆ ಬಂದರೆ ಎರಡು ಕಮಾನಾಗಿ ಉಬ್ಬಿದ ಹುಬ್ಬೆಲುಬು, ನಡುಭಾಗ ಮುಂದಕ್ಕೆ ಎಳೆದಂತಿರುವ ಮುಖ, ಅಗಲ ಮೂಗು. ಕೆಳದವಡೆಯಲ್ಲಿ ಗದ್ದದ ಉಬ್ಬಿಲ್ಲ. ಕೊನೆಯ ದವಡೆಹಲ್ಲಿನ ಹಿಂದೆ ಖಾಲಿ ಜಾಗ.

ಇಲ್ಲಿ ತಪ್ಪುವುದು ಒಂದೇ ಗುರುತು ಹಿಡಿದು ತೀರ್ಪು ಕೊಟ್ಟಾಗ. ಹಿಂತಲೆಯ ಉಬ್ಬು ಯುರೋಪಿನ ಮೊದಮೊದಲ ಆಧುನಿಕ ಮಾನವರಲ್ಲೂ ಅಲ್ಪಸ್ವಲ್ಪ ಇದೆ. ದವಡೆಯ ಹಿಂದಿನ ಖಾಲಿ ಜಾಗವೂ ಅಲ್ಲಲ್ಲಿ ಕಾಣುತ್ತದೆ. ಮಿದುಳಿನ ಗಾತ್ರದಿಂದಂತೂ ಏನೂ ಹೇಳಲಾಗದು: ನಿಯಾಂಡರ್ತಲ್‌ರದು ಸುಮಾರು 1,200ರಿಂದ 1,740 ಘನ ಸೆಂಟಿಮೀಟರ್, ನಮ್ಮದಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಬೇರೆಯಾಗಿರುವುದು ಆಕಾರ. ಆದ್ದರಿಂದ ಕನಿಷ್ಠ ನಾಲ್ಕೈದು ಗುರುತು ಒಟ್ಟಿಗೆ ಸಿಗಬೇಕು. ಬುರುಡೆ ಒಡೆದು ಚೂರಾಗಿದ್ದರೆ ಒಳಕಿವಿಯ ಅರ್ಧವೃತ್ತ ನಾಳಗಳನ್ನು ಸಿಟಿ ಸ್ಕ್ಯಾನ್‌ನಲ್ಲಿ ನೋಡುತ್ತಾರೆ, ನಿಯಾಂಡರ್ತಲ್‌ರಲ್ಲಿ ಹಿಂಭಾಗದ ನಾಳ ಕೆಳಗೆ ಕೂತಿರುತ್ತದೆ.

ಗೂನಾಗಿ, ಮಂಡಿ ಬಗ್ಗಿಸಿ ನಡೆಯುವ ನಿಯಾಂಡರ್ತಲ್ ಚಿತ್ರ ಎಲ್ಲಾದರೂ ಕಂಡರೆ ಆ ಲೇಖನವನ್ನೇ ಬದಿಗಿಡಿ. 1908ರಲ್ಲಿ ಫ್ರಾನ್ಸಿನ ಲಾ ಶಾಪೆಲ್-ಒ-ಸೇಂಟ್ ಗುಹೆಯಲ್ಲಿ ಸಿಕ್ಕ ಅಸ್ಥಿಪಂಜರವನ್ನು ಮಾರ್ಸೆಲಿನ್ ಬೂಲ್ ಹಾಗೆ ಜೋಡಿಸಿದರು. ಆ ವ್ಯಕ್ತಿಗೆ ಬೆನ್ನುಮೂಳೆಯಲ್ಲಿ, ಸೊಂಟದಲ್ಲಿ ತೀವ್ರ ಸಂಧಿವಾತ ಇತ್ತು. 1957ರಲ್ಲಿ ಮರುಪರಿಶೀಲನೆ ನಡೆದು, ನಿಯಾಂಡರ್ತಲ್‌ರು ನಮ್ಮಂತೆಯೇ ನೆಟ್ಟಗೆ ನಡೆಯುತ್ತಿದ್ದರು ಎಂದು ತೀರ್ಮಾನವಾಯಿತು. ಆದರೂ ಆ ಚಿತ್ರ ಸಾಯುತ್ತಿಲ್ಲ.

ಪ್ರಭೇದ: ನನ್ನ ಅಭಿಪ್ರಾಯದಲ್ಲಿ ಬೇರೆ ಪ್ರಭೇದವೇ, ಹೋಮೋ ನಿಯಾಂಡರ್ತಲೆನ್ಸಿಸ್. 1864ರಲ್ಲಿ ವಿಲಿಯಂ ಕಿಂಗ್ ಇಟ್ಟ ಹೆಸರು ಇಂದಿಗೂ ಸಲ್ಲುತ್ತದೆ. ಮೂಳೆಗಳ ನಡುವಿನ ಅಂತರ ಇಂದಿನ ಯಾವುದೇ ಎರಡು ಮಾನವ ಸಮುದಾಯಗಳ ನಡುವಿನ ಅಂತರಕ್ಕಿಂತ ಎಷ್ಟೋ ಹೆಚ್ಚು, ಅದೂ ಮಗುವಿನ ಬುರುಡೆಯಲ್ಲೇ ಕಾಣುವಷ್ಟು. ಬೆರೆತು ಮಕ್ಕಳಾದರು ಎಂಬ ಒಂದೇ ಕಾರಣಕ್ಕೆ ಒಂದೇ ಪ್ರಭೇದ ಎನ್ನುವುದಾದರೆ ಕಂದು ಕರಡಿ, ಹಿಮಕರಡಿಗಳನ್ನೂ ಒಂದೇ ಎನ್ನಬೇಕಾಗುತ್ತದೆ. ಅವೂ ಬೆರೆತಿವೆ, ಅವುಗಳ ಸಂತಾನಕ್ಕೂ ಮರಿಗಳಾಗುತ್ತವೆ.

ತಳಿಜಾಡು

ಮೂಳೆಮಾತು ಅವರ ತೀರ್ಮಾನ ನನಗೂ ಹೆಚ್ಚುಕಡಿಮೆ ಒಪ್ಪಿಗೆ, ಆದರೆ ದಾರಿ ಬೇರೆ. ಜೀನೋಮಿನಲ್ಲಿ ನಿಯಾಂಡರ್ತಲ್ ತುಂಡುಗಳು ಒಂದೇ ಸಮನೆ ಹರಡಿಲ್ಲ. ಎಕ್ಸ್ ವರ್ಣತಂತುವಿನಲ್ಲಿ ಉಳಿದವುಗಳಿಗಿಂತ ಸುಮಾರು ಐದನೇ ಒಂದು ಪಾಲು ಮಾತ್ರ. ವೃಷಣದಲ್ಲಿ ಹೆಚ್ಚಾಗಿ ಕೆಲಸ ಮಾಡುವ ಜೀನ್‌ಗಳಲ್ಲೂ ವಿಶೇಷವಾಗಿ ಕಡಿಮೆ. ಬೆರಕೆಯಿಂದ ಹುಟ್ಟಿದ ಗಂಡುಗಳಲ್ಲಿ ಸಂತಾನಶಕ್ತಿ ಕುಗ್ಗಿತ್ತು ಎಂಬುದಕ್ಕೆ ಇದು ಸುಳಿವು. 7ನೇ ವರ್ಣತಂತುವಿನಲ್ಲಿ, ಮಾತಿಗೆ ಸಂಬಂಧಿಸಿದ ಫಾಕ್ಸ್‌ಪಿ2 ಜೀನ್ ಇರುವ ಸುತ್ತಮುತ್ತ ದೊಡ್ಡ ಬಯಲೇ ಇದೆ, ಅಲ್ಲಿ ನಿಯಾಂಡರ್ತಲ್ ತುಂಡು ಯಾರಲ್ಲೂ ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಓದಿ "ನಿಯಾಂಡರ್ತಲ್‌ಗೆ ಮಾತು ಬರುತ್ತಿರಲಿಲ್ಲ" ಎಂದು ಬರೆಯಬೇಡಿ. ಫಾಕ್ಸ್‌ಪಿ2 ಪ್ರೊಟೀನಿನಲ್ಲಿ ನಮ್ಮಲ್ಲಿರುವ ಎರಡು ಬದಲಾವಣೆಗಳು ಅವರಲ್ಲೂ ಇವೆ.

ತುಂಡುಗಳು ಕಡಿಮೆಯಾಗಲು ಇನ್ನೊಂದು ಕಾರಣ ಅವರ ಸಣ್ಣ ಜನಸಂಖ್ಯೆ. ಗುಂಪು ಚಿಕ್ಕದಾದಷ್ಟೂ ಅಲ್ಪ ಹಾನಿಯ ರೂಪಾಂತರಗಳು ಜರಡಿಯಲ್ಲಿ ನಿಲ್ಲದೆ ಉಳಿದುಬಿಡುತ್ತವೆ. ಅಲ್ಟಾಯ್ ಹೆಣ್ಣಿನ ತಂದೆತಾಯಿ ಮಲಸೋದರ–ಮಲಸೋದರಿಯಷ್ಟು ಹತ್ತಿರದವರು. ಅಂಥ ಭಾರ ಹೊತ್ತ ಜೀನೋಮ್ ದೊಡ್ಡ ಜನಸಮುದಾಯಕ್ಕೆ ಬಂದಾಗ ಮೊದಲ ಕೆಲವೇ ಹತ್ತಾರು ತಲೆಮಾರುಗಳಲ್ಲಿ ಬಹುಪಾಲು ಸೋಸಿಹೋಯಿತು, ಆಮೇಲೆ ಮಟ್ಟ ಹೆಚ್ಚು ಬದಲಾಗಿಲ್ಲ. ಕಳೆದ 40 ಸಾವಿರ ವರ್ಷಗಳಲ್ಲಿ ಅದು ಒಂದೇ ಸಮನೆ ಇಳಿಯುತ್ತಾ ಬಂದಿದೆ ಎಂಬ ನಕ್ಷೆ 2016ರಲ್ಲಿ ಬಂದಿತ್ತು. ಆದರೆ ಆ ಲೆಕ್ಕ ಆಫ್ರಿಕಾದ ಮತ್ತು ಹೊರಗಿನ ಜನರ ನಡುವೆ ಮುಂದೆ ಯಾವ ಬೆರಕೆಯೂ ಆಗಿಲ್ಲ ಎಂದು ಊಹಿಸಿತ್ತು. ಎರಡು ನಿಯಾಂಡರ್ತಲ್ ಜೀನೋಮ್‌ಗಳನ್ನು ನೇರವಾಗಿ ಬಳಸಿ ಲೆಕ್ಕ ಹಾಕಿದ 2019ರ ಕೆಲಸದಲ್ಲಿ ಆ ಇಳಿಜಾರು ಮಾಯವಾಯಿತು.

ಕುತೂಹಲಿ_ಓದುಗ

ಇಬ್ಬರಿಗೂ ಧನ್ಯವಾದ. ಹಸ್ತಪ್ರತಿಯ ಹೋಲಿಕೆಯಿಂದ ವಿಷಯ ತಿಳಿಯಾಯಿತು. ಹಾಗಿದ್ದರೆ ಆಫ್ರಿಕಾದವರಲ್ಲಿ ಸೊನ್ನೆಯೇ? ಇನ್ನು, ಒಂದು ತುಂಡು ಬೆರಕೆಯಿಂದ ಬಂದದ್ದು, ಇಬ್ಬರಿಗೂ ಸಮಾನ ಪೂರ್ವಜರಿಂದ ಉಳಿದದ್ದಲ್ಲ ಅಂತ ಹೇಗೆ ಗೊತ್ತಾಗುತ್ತದೆ? ಹಳೆಯ ಅಕ್ಷರ ಇಬ್ಬರಲ್ಲೂ ಉಳಿದಿರಬಹುದಲ್ಲ?

ಕಾಲಗಣಕ (ಉತ್ತರ)

ಎರಡನೆಯದು ಒಳ್ಳೆಯ ಪ್ರಶ್ನೆ. ತುಂಡಿನ ಉದ್ದವೇ ಅದಕ್ಕೆ ಉತ್ತರ ಹೇಳುತ್ತದೆ.

ಪ್ರತಿ ತಲೆಮಾರಿನಲ್ಲೂ ತಂದೆಯ ಕಡೆಯ, ತಾಯಿಯ ಕಡೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆದ್ದರಿಂದ ಬಂದು ಸೇರಿದ ತುಂಡು ತಲೆಮಾರು ಕಳೆದಂತೆ ಚಿಕ್ಕದಾಗುತ್ತದೆ. ಅಂದಾಜು ಸೂತ್ರ: 100ನ್ನು ತಲೆಮಾರುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಉದ್ದ ಸೆಂಟಿಮಾರ್ಗನ್‌ಗಳಲ್ಲಿ ಸಿಗುತ್ತದೆ. ಒಂದು ಸೆಂಟಿಮಾರ್ಗನ್ ಎಂದರೆ ಸರಿಸುಮಾರು 10 ಲಕ್ಷ ಅಕ್ಷರ. 2,000 ತಲೆಮಾರಾದರೆ 0.05 ಸೆಂಟಿಮಾರ್ಗನ್, ಅಂದರೆ 50,000 ಅಕ್ಷರ. ಸಮಾನ ಪೂರ್ವಜರು ಇದ್ದದ್ದು 5.5 ಲಕ್ಷ ವರ್ಷಕ್ಕೂ ಹಿಂದೆ, ಅಂದರೆ ಸುಮಾರು 20,000 ತಲೆಮಾರು. ಅಲ್ಲಿಂದ ಉಳಿದುಬಂದ ತುಂಡು ಕೆಲವೇ ಸಾವಿರ ಅಕ್ಷರಕ್ಕೆ ಸವೆದಿರಬೇಕು. ಕೋವಿಡ್ ಉಲ್ಬಣಿಸುವ ಅಪಾಯ ಹೆಚ್ಚಿಸುವುದೆಂದು 2020ರಲ್ಲಿ ಗುರುತಿಸಿದ 3ನೇ ವರ್ಣತಂತುವಿನ ತುಂಡು ಸುಮಾರು 49,400 ಅಕ್ಷರ ಉದ್ದವಿದೆ, ವಿಂಡಿಯಾ ಜೀನೋಮಿಗೆ ಬಹುತೇಕ ಹಾಗೇ ಹೊಂದುತ್ತದೆ. ಇಷ್ಟು ಉದ್ದದ್ದು ಸಮಾನ ಪೂರ್ವಜರಿಂದ ಒಡೆಯದೆ ಉಳಿಯುವ ಸಂಭವ ತೀರಾ ಕಡಿಮೆ. ಒಂದು ಎಚ್ಚರಿಕೆ: ಅದಲುಬದಲಿನ ವೇಗ ವರ್ಣತಂತುವಿನ ಎಲ್ಲ ಕಡೆ ಒಂದೇ ಅಲ್ಲ. ನಿಧಾನವಿರುವ ಜಾಗದಲ್ಲಿ ಹಳೆಯ ತುಂಡೂ ಉದ್ದವಾಗಿರಬಹುದು. ಹಾಗಾಗಿ ಆಯಾ ಜಾಗದ ನಕ್ಷೆ ನೋಡದೆ ಸರಾಸರಿ ಸೂತ್ರ ಹಾಕಿದರೆ ಲೆಕ್ಕ ಕೆಡುತ್ತದೆ.

ಇದೇ ಗಡಿಯಾರ ಪುರಾತನ ಮನುಷ್ಯರ ಮೇಲೆ ಇನ್ನೂ ಚೆನ್ನಾಗಿ ನಡೆಯುತ್ತದೆ. ರುಮೇನಿಯಾದ ಓಸೆ ಗುಹೆಯಲ್ಲಿ 2002ರಲ್ಲಿ ಸಿಕ್ಕ ದವಡೆ 37,000–42,000 ವರ್ಷ ಹಳೆಯದು. ಅದರಲ್ಲಿ ನಿಯಾಂಡರ್ತಲ್ ಪಾಲು ಶೇ 6–9, ಮೂರು ತುಂಡುಗಳು 50 ಸೆಂಟಿಮಾರ್ಗನ್‌ಗಿಂತ ಉದ್ದ. ನಾಲ್ಕರಿಂದ ಆರು ತಲೆಮಾರು ಹಿಂದೆ, ಅಂದರೆ ಮುತ್ತಜ್ಜನ ತಂದೆಯ ಆಸುಪಾಸಿನಲ್ಲಿ, ಅವನಿಗೊಬ್ಬ ನಿಯಾಂಡರ್ತಲ್ ಪೂರ್ವಜರಿದ್ದರು. ಅವನ ಗುಂಪು ಮಾತ್ರ ಇಂದಿನ ಯುರೋಪಿಯನ್ನರಿಗೆ ಗುರುತಿಸುವಷ್ಟು ಏನನ್ನೂ ಬಿಟ್ಟುಹೋಗಿಲ್ಲ. ಸೈಬೀರಿಯಾದ ಉಸ್ತ್-ಇಶಿಮ್‌ನ 45,000 ವರ್ಷ ಹಳೆಯ ತೊಡೆಮೂಳೆಯಲ್ಲೂ ತುಂಡುಗಳು ಇಂದಿನವರಿಗಿಂತ ಉದ್ದ.

ದಿನಾಂಕದ ಬಗ್ಗೆ: ಹಳೆಯ ಲೇಖನಗಳಲ್ಲಿ "60 ಸಾವಿರ ವರ್ಷ ಹಿಂದೆ ಬೆರೆತರು" ಎಂದಿದ್ದರೆ ತಿದ್ದಿಕೊಳ್ಳಿ. 2024ರ ಕೊನೆಯಲ್ಲಿ ಬಂದ ಎರಡು ಅಧ್ಯಯನಗಳಲ್ಲಿ ಒಂದು 50,500ರಿಂದ 43,500 ವರ್ಷಗಳ ಹಿಂದಿನವರೆಗೆ, ಸುಮಾರು 7,000 ವರ್ಷ ಬೆರಕೆ ನಡೆಯಿತು ಎನ್ನುತ್ತದೆ. ಜರ್ಮನಿಯ ರಾನಿಸ್ ಮತ್ತು ಚೆಕ್ ದೇಶದ ಝ್ಲಾಟಿ ಕೂನ್ ಮೂಳೆಗಳ ಇನ್ನೊಂದು ಅಧ್ಯಯನ 45,000–49,000 ಎನ್ನುತ್ತದೆ. ಪರಿಣಾಮ ಸಣ್ಣದಲ್ಲ. ಆಫ್ರಿಕಾದ ಹೊರಗಿನ ಎಲ್ಲರಲ್ಲೂ ಇದೇ ಬೆರಕೆಯ ಗುರುತು ಇರುವುದರಿಂದ, ಅವರೆಲ್ಲರ ಮುಖ್ಯ ಪೂರ್ವಜರು ಆ ಹೊತ್ತಿಗೆ ಒಂದೇ ಸಮುದಾಯವಾಗಿದ್ದಿರಬೇಕು. ಇಸ್ರೇಲಿನ ಮಿಸ್ಲಿಯಾ ಗುಹೆಯ 1.77–1.94 ಲಕ್ಷ ವರ್ಷದ ದವಡೆಯಂಥವು ನಮ್ಮ ಪ್ರಭೇದದ್ದೇ ಹೌದು, ಆದರೆ ಆ ಮೊದಲ ಹೊರಹೋದವರ ಸಾಲು ಮುಂದುವರಿದಂತೆ ಕಾಣುವುದಿಲ್ಲ. ಆಸ್ಟ್ರೇಲಿಯಾದ ಮಡ್ಜೆಡ್ಬೆಬೆ ನೆಲೆಗೆ ಹೇಳುವ 65,000 ವರ್ಷದ ಜೊತೆಗೂ ಇದು ಸುಲಭವಾಗಿ ಹೊಂದದು. ಆ ವಾದ ಇನ್ನೂ ನಡೆಯುತ್ತಿದೆ.

ಮೂಳೆಯ ವಯಸ್ಸು ಓದುವಾಗಲೂ ಜೋಪಾನ. 50,000 ವರ್ಷದ ಮೂಳೆಯಲ್ಲಿ ಉಳಿದಿರುವ, ವಯಸ್ಸು ಅಳೆಯಲು ಬಳಸುವ ವಿಕಿರಣಶೀಲ ಇಂಗಾಲ ಮೂಲದ ಶೇ 0.25ರಷ್ಟೂ ಇರುವುದಿಲ್ಲ. ಅದಕ್ಕೆ ಶೇ 1ರಷ್ಟು ಹೊಸ ಇಂಗಾಲ, ಮಣ್ಣಿನ ಆಮ್ಲದಿಂದಲೋ ಸಂಗ್ರಹಾಲಯದ ಅಂಟಿನಿಂದಲೋ, ಸೇರಿದರೆ ವಯಸ್ಸು 36–37 ಸಾವಿರ ಎಂದು ಬರುತ್ತದೆ. ನಿಯಾಂಡರ್ತಲ್‌ರು ತೀರಾ ಇತ್ತೀಚಿನವರೆಗೆ ಬದುಕಿದ್ದರು ಎಂದು ಹೇಳುತ್ತಿದ್ದ ಹಲವು ಹಳೆಯ ದಿನಾಂಕಗಳು ಹೀಗೆ ಬಂದವು. ಮೂಳೆಯ ಪ್ರೊಟೀನಾದ ಕೊಲಾಜೆನ್ ಅನ್ನು ಸೂಕ್ಷ್ಮವಾಗಿ ಸೋಸಿ ಮತ್ತೆ ಅಳೆದಾಗ ಯುರೋಪಿನಲ್ಲಿ ಅವರ ಅಂತ್ಯ 41,000–39,000 ವರ್ಷದ ಹಿಂದಕ್ಕೆ ಸರಿಯಿತು.

ತಳಿಜಾಡು

ಆಫ್ರಿಕಾದ ಪ್ರಶ್ನೆಗೆ: ಸೊನ್ನೆ ಅಲ್ಲ. ಆಫ್ರಿಕನ್ನರಲ್ಲಿ ಸೊನ್ನೆ ಎಂದು ಮೊದಲೇ ಊಹಿಸಿ ಹುಡುಕುವ ವಿಧಾನಗಳಲ್ಲಿ ಸೊನ್ನೆಯೇ ಬರುತ್ತಿತ್ತು. 2020ರಲ್ಲಿ ಆ ಊಹೆ ಬೇಡದ ವಿಧಾನ ಬಂದಾಗ ಜೀನೋಮಿನ ಶೇ 0.3ರಷ್ಟು, ಸುಮಾರು 1.7 ಕೋಟಿ ಅಕ್ಷರ ಸಿಕ್ಕವು. ಒಂದಷ್ಟು ಯುರೇಷಿಯಾದಿಂದ ಮರಳಿಹೋದವರ ಮೂಲಕ ಬಂದದ್ದು. ಇನ್ನೊಂದಷ್ಟು ತಿರುಗುಮುರುಗು: ನಮ್ಮ ಕಡೆಯ ಹಳೆಯ ಗುಂಪಿನಿಂದ ನಿಯಾಂಡರ್ತಲ್‌ಗೆ ಹೋದ ತುಂಡುಗಳು ಈಗ ಎರಡೂ ಕಡೆ ಕಾಣುತ್ತವೆ.

ಕೊಡುಕೊಳ್ಳುವಿಕೆ ಒಮ್ಮುಖವಾಗಿರಲಿಲ್ಲ, ಇದನ್ನು ಒತ್ತಿ ಹೇಳಬೇಕು. ಸ್ಪೇನಿನ ಸೀಮಾ ದೆ ಲೋಸ್ ಹ್ಯುಸೋಸ್‌ನ 4.3 ಲಕ್ಷ ವರ್ಷದ ಪೂರ್ವ-ನಿಯಾಂಡರ್ತಲ್‌ರ ಮೈಟೊಕಾಂಡ್ರಿಯಾ ಡೆನಿಸೋವನ್‌ರಿಗೆ (ಏಷ್ಯಾದ ಇನ್ನೊಂದು ಪುರಾತನ ಮಾನವ ಗುಂಪು) ಹತ್ತಿರ. ಆಮೇಲಿನ ನಿಯಾಂಡರ್ತಲ್‌ರದು ನಮಗೆ ಹತ್ತಿರ. ವೈ ವರ್ಣತಂತುವಿನ ಕಥೆಯೂ ಅದೇ: ನಿಯಾಂಡರ್ತಲ್ ವೈ ನಮ್ಮದರಿಂದ ಕವಲೊಡೆದದ್ದು ಸುಮಾರು 3.7 ಲಕ್ಷ ವರ್ಷದ ಹಿಂದೆ, ಡೆನಿಸೋವನ್ ವೈ ಸುಮಾರು 7 ಲಕ್ಷ. ಅಂದರೆ ನಿಯಾಂಡರ್ತಲ್‌ರ ಮೂಲ ತಾಯಿಎಳೆ, ತಂದೆಎಳೆ ಎರಡೂ ಹೋಗಿ ನಮ್ಮ ಕಡೆಯವು ಬಂದು ಕೂತವು. ಅವರು ನಮ್ಮಲ್ಲಿ ಬಿಟ್ಟದ್ದನ್ನಷ್ಟೇ ಹೇಳುವ ಲೇಖನ ಅರ್ಧ ಲೇಖನ.

ಕುತೂಹಲಿ_ಓದುಗ

ಕೊನೆಯ ಒಂದು ಸಂದೇಹ. ಮೂಳೆಯನ್ನು ಅಗೆದವರು, ತೊಳೆದವರು, ಅಳೆದವರು ಎಲ್ಲರೂ ಆಧುನಿಕ ಮನುಷ್ಯರೇ. ಸಿಕ್ಕ "ಹೋಲಿಕೆ" ಅವರ ಕೈಯಿಂದ ಅಂಟಿದ್ದಲ್ಲ ಎಂದು ಹೇಗೆ ನಂಬುವುದು?

ತಳಿಜಾಡು

ಹಾಗೆ ಆಗಿದೆ ಕೂಡ. 2006ರಲ್ಲಿ ಪ್ರಕಟವಾದ ಸುಮಾರು 10 ಲಕ್ಷ ಅಕ್ಷರಗಳ ದತ್ತಾಂಶದಲ್ಲಿ ಆಧುನಿಕ ಡಿಎನ್‌ಎ ಗಣನೀಯವಾಗಿ ಬೆರೆತಿರುವುದು ಮರುವರ್ಷವೇ ಗೊತ್ತಾಯಿತು. ಆಮೇಲೆ ಬಂದ ಕಟ್ಟುಪಾಡುಗಳು ಹೀಗಿವೆ.

ಸ್ವಚ್ಛಕೋಣೆಯಲ್ಲಿ ಮೂಳೆಯ ಮೇಲ್ಪದರ ತೆಗೆದು ಒಳಗಿನಿಂದ ಕೆಲವು ಹತ್ತು ಮಿಲಿಗ್ರಾಂ ಪುಡಿ ಕೊರೆಯುತ್ತಾರೆ. ಒಳಕಿವಿಯನ್ನು ಸುತ್ತುವರಿದ ಗಟ್ಟಿ ಮೂಳೆಯೋ ಹಲ್ಲಿನ ಬೇರೋ ಸಿಕ್ಕರೆ ಉತ್ತಮ. ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ ಕರಗಿಸುತ್ತದೆ, ಪ್ರೊಟಿನೇಸ್-ಕೆ ಎಂಬ ಕಿಣ್ವ ಪ್ರೊಟೀನನ್ನು ಒಡೆಯುತ್ತದೆ, ಬಿಡುಗಡೆಯಾದ ಡಿಎನ್‌ಎಯನ್ನು ಸಿಲಿಕಾಗೆ ಅಂಟಿಸಿ ಹಿಡಿಯುತ್ತಾರೆ. ಕೋಣೆಯಿಂದ ಹೊರಬರುವ ಮೊದಲೇ ಪ್ರತಿ ತುಂಡಿನ ತುದಿಗೂ ಒಂದು ಗುರುತಿನ ಅಕ್ಷರಸರಣಿ ಬೆಸೆಯುತ್ತಾರೆ. ಹೊರಗೆ ಸೇರಿದ ಡಿಎನ್‌ಎಗೆ ಆ ಮೊಹರು ಇರುವುದಿಲ್ಲ, ಓದುವಾಗ ಬಿದ್ದುಹೋಗುತ್ತದೆ. 2006ರಲ್ಲಿ ತಪ್ಪಿದ್ದು ಈ ಹಂತ.

ಮೊಹರಿಗೆ ಮೊದಲೇ ಅಂಟಿದ್ದರೆ? ಅದಕ್ಕೆ ಸವೆತ ನೋಡುತ್ತಾರೆ. ಹಳೆಯ ಡಿಎನ್‌ಎ 40–60 ಅಕ್ಷರದ ಚೂರಾಗಿರುತ್ತದೆ, ಅದರ ತುದಿಗಳಲ್ಲಿ ಸೈಟೊಸಿನ್ (ಸಿ ಅಕ್ಷರ) ಕೆಟ್ಟು ಯುರಾಸಿಲ್ ಆಗಿ, ಓದುವಾಗ ಸಿ ಬದಲು ಟಿ ಎಂದು ಬರುತ್ತದೆ. ನಿನ್ನೆ ಅಂಟಿದ ಡಿಎನ್‌ಎಯಲ್ಲಿ ಈ ಗಾಯ ಇಲ್ಲ. ಸಂದೇಹ ಬಂದರೆ ಗಾಯವಿರುವ ಚೂರುಗಳನ್ನಷ್ಟೇ ಇಟ್ಟುಕೊಂಡು ಲೆಕ್ಕ ಮತ್ತೆ ಮಾಡುತ್ತಾರೆ. ದತ್ತಾಂಶದ ಬಹುಭಾಗ ಕಳೆದುಹೋಗುತ್ತದೆ, ಉಳಿದದ್ದು ನಂಬಬಹುದಾದದ್ದು. 30 ಅಕ್ಷರಕ್ಕಿಂತ ಚಿಕ್ಕ ಚೂರುಗಳನ್ನು ಬಿಡಲೇಬೇಕು: ಮಾದರಿಯಲ್ಲಿ ಶೇ 95ಕ್ಕೂ ಹೆಚ್ಚು ಸೂಕ್ಷ್ಮಜೀವಿಗಳ ಡಿಎನ್‌ಎ ಇರುವಾಗ, ಅಷ್ಟು ಚಿಕ್ಕ ಚೂರು ಮನುಷ್ಯನ ಜೀನೋಮಿಗೆ ಕಾಕತಾಳೀಯವಾಗಿ ಹೊಂದಿಬಿಡುತ್ತದೆ.

2010ರ ಕೆಲಸದಲ್ಲಿ ಇನ್ನೊಂದು ಪರೀಕ್ಷೆ ತಾನಾಗಿ ಒದಗಿತು. ವಿಂಡಿಯಾದ ಮೂರೂ ಮೂಳೆಗಳು ಹೆಣ್ಣಿನವು. ಆದ್ದರಿಂದ ಸಿಕ್ಕ ಪ್ರತಿಯೊಂದು ವೈ ವರ್ಣತಂತುವಿನ ಚೂರೂ ಹೊರಗಿನ ಗಂಡಸಿನದೇ ಆಗಿರಬೇಕು. ಅವನ್ನು ಎಣಿಸಿ, ಮೈಟೊಕಾಂಡ್ರಿಯಾದ ಎಣಿಕೆಯೊಡನೆ ತಾಳೆ ನೋಡಿದಾಗ ಹೊರಗಿನ ಬೆರಕೆ ಶೇ 1ಕ್ಕಿಂತ ಕಡಿಮೆ ಬಂತು.